ನಾಲ್ಕು ತಾಲೂಕಿನ ನಾಲಿಗೆ

ಕಾಲುಚೀಲಗಳ ಸ್ವಭಾವ ನನಗೆ ಇವತ್ತಿಗೂ ತಿಳಿದಿಲ್ಲ. ಎರಡನ್ನೂ ಒಟ್ಟಿಗೇ ಕೊಂಡಿರುತ್ತೇವೆ, ಒಟ್ಟಿಗೇ ತೊಟ್ಟಿರುತ್ತೇವೆ, ಒಟ್ಟಿಗೇ ಬಕೆಟ್ಟಿಗೆ ಹಾಕಿರುತ್ತೇವೆ. ಒಣಹಾಕಿದ ಹಗ್ಗದಿಂದ ಇಳಿಸುವ ಹೊತ್ತಿಗೆ ಒಂದು ಪರಾರಿ. ಬ್ಯಾಂಕಿನಲ್ಲಿದ್ದಷ್ಟು ವರ್ಷ ನನ್ನ ಬೆಳಗಿನ ಸಿಟ್ಟಿಗೆಲ್ಲ ಇದೇ ಮೂಲ. ಒಂದು ಕಾಲಿಗೆ ಕರಿ, ಇನ್ನೊಂದಕ್ಕೆ ಬೂದಿ ಬಣ್ಣದ್ದು ಹಾಕಿಕೊಂಡು ಹೋಗಿ, ಕೌಂಟರಿನ ಹಿಂದೆ ಕಾಲು ಮರೆಸಿ ಕುಳಿತ ದಿನಗಳೂ ಉಂಟು. ನಿವೃತ್ತಿಯಾಗಿ ಹಿರೇಕೆರೂರಿಗೆ ಬಂದು ನೆಲೆಸಿದ ಮೇಲೆ ಚಪ್ಪಲಿಯೇ ಸಾಕೆನಿಸಿ, ಒಂಟಿಗಳನ್ನೆಲ್ಲ ಗಂಟು ಕಟ್ಟಿ ಅಟ್ಟದ ಮೇಲಿಟ್ಟೆ. ಬಿಸಾಡಲು ಮನಸ್ಸಿಲ್ಲ; ಜೋಡಿ ಎಲ್ಲೋ ಇದ್ದೀತು, ಬಂದೀತು ಎಂಬ ಆಸೆ. ದೀಪಾವಳಿಗೆ ಮನೆ ಝಾಡಿಸುವಾಗೆಲ್ಲ ಮನೆಯಾಕೆ ಆ ಗಂಟನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು, "ಇವನ್ನ ಯಾತಕ್ಕ ಇಟಗೊಂಡೀರಿ, ಪೂಜಾ ಮಾಡಾಕೇನು?" ಎಂದು ಕೇಳುತ್ತಾಳೆ.

ಅವಕ್ಕೂ ಒಂದು ಕಾಲ ಬಂತು. ಶಿಗ್ಗಾಂವಿಯ ಮಾಸ್ತರ ಫೋನ್ ಮಾಡಿ, "ಹಳೇ ಸಾಕ್ಸ್ ಅದಾವೇನೋ ನಿನ್ನ ಹಂತೇಕ? ನಾಕು ಬೇಕು. ತೊಳದಿದ್ದು," ಎಂದ. ಯಾಕೆಂದು ಕೇಳಿದರೆ ದನಿ ಇಳಿಸಿದ. ಬೆಂಗಳೂರಿನ ಅಳಿಯ ನಾಲ್ಕು ಬಾಟಲಿ ಕೆಂಪು ವೈನು ತಂದಿದ್ದಾನೆ. ಯಾವುದು ಯಾವುದೆಂದು ಗೊತ್ತಾಗದ ಹಾಗೆ ಬಾಟಲಿಗಳಿಗೆ ಕಾಲುಚೀಲ ತೊಡಿಸಿ, ರುಚಿ ನೋಡಿ, ನಂಬರು ಹಾಕಬೇಕಂತೆ. ಬೆಂಗಳೂರಿನಲ್ಲಿ ಅವನ ಗೆಳೆಯರೆಲ್ಲ ಹೀಗೆ ಮಾಡುತ್ತಾರಂತೆ. ಫೋನ್ ಇಡುವ ಮುಂಚೆ, "ವೈನಿಗೆ ಹೇಳಬ್ಯಾಡ ಮತ್ತ," ಎಂದ. ನಮ್ಮ ಕಡೆ ಅಣ್ಣನ ಹೆಂಡತಿ, ಗೆಳೆಯನ ಹೆಂಡತಿ ಎಲ್ಲರೂ ವೈನಿಯೇ. ಆ ಮಾತನ್ನು ಇನ್ನೊಮ್ಮೆ ಹೇಳಿಸಿ ಖಾತ್ರಿ ಮಾಡಿಕೊಳ್ಳಬೇಕಾಯಿತು.

ನಾವು ನಾಲ್ವರೂ ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಓದುವಾಗ ಒಂದೇ ಕೋಣೆಯಲ್ಲಿದ್ದವರು. ಆಗ ನಮ್ಮ ನಾಲ್ಕೂ ತಾಲೂಕು ಧಾರವಾಡ ಜಿಲ್ಲೆಯವು. 1997ರಲ್ಲಿ ಹಾವೇರಿ ಜಿಲ್ಲೆಯಾದಾಗ ನಾಲ್ಕೂ ಕೂಡಿಯೇ ಈಚೆ ಬಂದವು. ಹಾನಗಲ್ಲಿನ ಗೌಡ ಪದವಿ ಮುಗಿಸಿದ್ದೇ ತಡ, ಅಪ್ಪನ ಭತ್ತದ ಗದ್ದೆಗೂ ಮಾವಿನ ತೋಟಕ್ಕೂ ಮರಳಿದ. ಸವಣೂರಿನವನು ಎಲೆ ವ್ಯಾಪಾರಕ್ಕೆ ಕುಳಿತ; ಅವನನ್ನು ಸಾವಕಾರ ಎನ್ನುತ್ತೇವೆ. ಶಿಗ್ಗಾಂವಿಯವನು ಹೈಸ್ಕೂಲ್ ಮಾಸ್ತರ. ನಾನು ಹಿರೇಕೆರೂರಿನವನು. ಸರ್ವಜ್ಞ ಹುಟ್ಟಿದ್ದು ನಮ್ಮ ತಾಲೂಕಿನ ಅಬಲೂರಿನಲ್ಲಿ ಎಂಬ ಹೆಮ್ಮೆಯನ್ನು ಹಾಸ್ಟೆಲಿನ ಮೊದಲ ರಾತ್ರಿಯೇ ಹೇಳಿಕೊಂಡಿದ್ದರಿಂದ ನನಗೆ ಸರ್ವಜ್ಞ ಎಂದೇ ಹೆಸರು ಬಿತ್ತು. ಮೆಚ್ಚಿ ಇಟ್ಟದ್ದಲ್ಲ. ಯಾವ ವಿಷಯ ಬಂದರೂ ಎರಡು ದಿನ ಓದಿ, ಮೂರನೆಯ ದಿನ ಹುಟ್ಟಿನಿಂದಲೇ ಬಲ್ಲವನ ಹಾಗೆ ಮಾತಾಡುತ್ತೇನೆಂದು ಅವರ ತಕರಾರು. ವೈನಿನ ವಿಷಯದಲ್ಲೂ ಅದನ್ನೇ ಮಾಡಿದೆ. ಬ್ಯಾಂಕಿನ ಹಳೆಯ ಡೈರಿಯೊಂದರಲ್ಲಿ ಟಿಪ್ಪಣಿ ಬರೆದುಕೊಂಡು, ಕಾಲುಚೀಲಗಳ ಜೊತೆ ಅದನ್ನೂ ಕೈಚೀಲಕ್ಕೆ ಹಾಕಿಕೊಂಡು ಹಾನಗಲ್ಲಿನ ಬಸ್ಸು ಹತ್ತಿದೆ.

ಹಾನಗಲ್ಲೇ ಯಾಕೆಂದರೆ ಗೌಡನ ತೋಟದ ಮನೆ ಊರಿನಿಂದ ದೂರ. ಶಿಗ್ಗಾಂವಿಯಲ್ಲಿ ಮಾಸ್ತರನ ಮನೆಯ ಮುಂದೆ ಹಳೆಯ ವಿದ್ಯಾರ್ಥಿಗಳು ಹಾಯುತ್ತಲೇ ಇರುತ್ತಾರೆ. ಸವಣೂರಿನಲ್ಲಿ ಸಾವಕಾರನ ಮನೆಗೆ ಎಲೆಯ ಕಟ್ಟು ತರುವವರು, ಒಯ್ಯುವವರು. ನನ್ನ ಮನೆಯ ಮಾತು ಬಿಡಿ. ಎಳ್ಳಮಾವಾಸ್ಯೆ ಕಳೆದಿತ್ತು. ಗೌಡನ ಮಾವುಗಳೆಲ್ಲ ಹೂ ಬಿಟ್ಟು, ತೋಟದ ಬಾಗಿಲಲ್ಲೇ ಆ ಒಗರು ಸಿಹಿಯ ವಾಸನೆ ಮೂಗಿಗೆ ಅಡರುತ್ತಿತ್ತು. ನಾನು ಡೈರಿ ತೆರೆದು, ವೈನು ಪರೀಕ್ಷೆ ನಡೆಯುವ ಕೋಣೆಯಲ್ಲಿ ಊದಿನಕಡ್ಡಿ, ಅತ್ತರು, ಹೂವು ಯಾವುದೂ ಇರಕೂಡದೆಂದು ಓದಿ ಹೇಳಿದೆ. "ಹಂಗಾರ ಗಿಡಾ ಕಡಸ್ಲೇನು?" ಎಂದ ಗೌಡ.

ಅಳಿಯನದೊಂದು ತೊಡಕಿತ್ತು. ಮಾವನ ಎದುರು ಅಳಿಯ ಕುಡಿಯುವುದುಂಟೆ? ಮಾಸ್ತರನೇನೋ ಹೊಸ ಕಾಲದವನು, ಆದರೆ ಅಷ್ಟು ಹೊಸಬನಲ್ಲ. ಈ ಪರೀಕ್ಷೆಯ ನಿಯಮವೇ ಅದನ್ನು ಬಿಡಿಸಿತು. ಬಾಟಲಿಗೆ ಮುಸುಕು ಹಾಕಿದವನು, ಸುರಿಯುವವನು ಅಂಕ ಕೊಡುವ ಹಾಗಿಲ್ಲ. ಅವನಿಗೆ ಎಲ್ಲ ಗೊತ್ತಿರುತ್ತದಲ್ಲ. ಅಳಿಯ ಸುರಿದ, ನಾವು ಕುಡಿದೆವು, ಯಾರ ಮರ್ಯಾದೆಗೂ ಕುಂದಾಗಲಿಲ್ಲ. ಸರಕಾರದ್ದೇ ಒಂದು ದ್ರಾಕ್ಷಾರಸ ಮಂಡಳಿ ಇದೆ, 2007ರಲ್ಲಿ ರಾಜ್ಯ ಇದಕ್ಕೊಂದು ನೀತಿಯನ್ನೇ ತಂದಿದೆ ಎಂದು ನಾನು ಡೈರಿಯಿಂದ ಓದಿದ್ದೂ ಧೈರ್ಯ ಕೊಟ್ಟಿತು. ದ್ರಾಕ್ಷಾರಸ ಎಂದ ಕೂಡಲೇ ಮಾಸ್ತರನ ಮುಖದಲ್ಲಿ ಪುರಾಣ ಕೇಳುವವನ ಕಳೆ ಬಂತು.

ಸಾವಕಾರ ತನ್ನ ಕಾಣಿಕೆಯಾಗಿ ಹಿತ್ತಾಳೆಯ ಪೀಕದಾನಿ ತಂದಿದ್ದ. ವೈನು ಪರೀಕ್ಷಿಸುವವರು ನುಂಗುವುದಿಲ್ಲ, ಬಾಯಲ್ಲಿ ಆಡಿಸಿ ಉಗುಳುತ್ತಾರೆ ಎಂದು ನಾನೇ ಫೋನಿನಲ್ಲಿ ಹೇಳಿದ್ದೆ. ಸವಣೂರಿನ ನವಾಬರ ಅರಮನೆಗೆ ಅವನ ಅಜ್ಜ ಎಲೆ ಕೊಡುತ್ತಿದ್ದನಂತೆ, ಮೆಚ್ಚಿದ ನವಾಬರು ಈ ಪೀಕದಾನಿ ಕೊಟ್ಟರಂತೆ. ಧಾರವಾಡದ ಕೋಣೆಯಲ್ಲಿದ್ದಾಗಿನಿಂದ ಕೇಳಿದ ಕಥೆ ಇದು. ಆಗ ನವಾಬರು ಕೊಟ್ಟದ್ದು ಶಾಲು. ಅದೇನೇ ಇರಲಿ, ನಡುವೆ ಅದನ್ನಿಟ್ಟುಕೊಂಡು ಚಾಪೆಯ ಮೇಲೆ ಕುಳಿತಾಗ ಸಭೆಗೊಂದು ಗತ್ತು ಬಂದದ್ದು ನಿಜ. ಉಗುಳಲು ಮಾತ್ರ ಯಾರೂ ತಯಾರಿರಲಿಲ್ಲ. "ಅಳಿಯಂದ್ರು ರೊಕ್ಕಾ ಕೊಟ್ಟ ತಂದದ್ದು, ಉಗಳೂದಂದ್ರ ಏನ?" ಎಂದು ಮಾಸ್ತರ ಸಿಟ್ಟಾದ. ಸಾವಕಾರನೊಬ್ಬ ಪರೀಕ್ಷೆಗೆ ಮುಂಚೆ ಬಾಯಲ್ಲಿದ್ದ ತಾಂಬೂಲವನ್ನು ಕುಳಿತಲ್ಲಿಂದಲೇ ಅದರೊಳಗೆ ಹಾಕಿದ. ಒಂದು ಹನಿ ಆಚೆ ಬೀಳಲಿಲ್ಲ. ಫ್ರಾನ್ಸಿನವರು ನೋಡಿದ್ದರೆ ಕರೆದು ಕೆಲಸ ಕೊಡುತ್ತಿದ್ದರು.

ಮೂರು ಬಾಟಲಿಗಳದು ತಿರುಗಿಸಿ ತೆಗೆಯುವ ಮುಚ್ಚಳ. ನಾಲ್ಕನೆಯದಕ್ಕೆ ಬೂಚು. ಬೂಚು ತೆಗೆಯುವ ತಿರುಪನ್ನು ಅಳಿಯ ಬೆಂಗಳೂರಲ್ಲೇ ಬಿಟ್ಟು ಬಂದಿದ್ದ. ಗೌಡ ಒಳಗೆ ಹೋಗಿ ಭತ್ತದ ಚೀಲ ಹೊಲಿಯುವ ದಬ್ಬಣ ತಂದ. ದಬ್ಬಣ ಸಲೀಸಾಗಿ ಒಳಗಿಳಿಯಿತು, ಅಷ್ಟೇ ಸಲೀಸಾಗಿ ಹೊರಗೆ ಬಂತು, ಬೂಚು ಇದ್ದಲ್ಲೇ ಇತ್ತು. ಎರಡು ದಬ್ಬಣ ಚುಚ್ಚಿ, ಅಡ್ಡ ತಿರುವಿ, ಪಕ್ಕಡಿನಿಂದ ಎಳೆದಾಗ ಅರ್ಧ ಬಂತು, ಇನ್ನರ್ಧ ಪುಡಿಯಾಗಿ ಒಳಗೆ ಬಿತ್ತು. ಚಹಾ ಸೋಸುವ ಜರಡಿ ಹಿಡಿದು ಸುರಿಯಬೇಕಾಯಿತು. ಆ ಬಾಟಲಿಗೆ ನನ್ನ ಕಂದು ಕಾಲುಚೀಲ. ಹಿಮ್ಮಡಿಯ ಉಬ್ಬು ಬಾಟಲಿಯ ಹೊಟ್ಟೆಯ ಮೇಲೆ ಜೋತು ಬಿದ್ದಿತ್ತು, ಹೆಬ್ಬೆರಳಿನ ತೂತಿನಿಂದ ಚೀಟಿಯ ಒಂದು ಚೂರು ಚಿನ್ನದ ಬಣ್ಣ ಇಣುಕುತ್ತಿತ್ತು. ಅಳಿಯ ಅದರ ಮೇಲೆ ಬೆರಳಿಟ್ಟುಕೊಂಡೇ ಸುರಿದ.

ಗಾಜಿನ ಲೋಟವೂ ಇರಲಿಲ್ಲ. ಆಳುಗಳಿಗೆ ಚಹಾ ಕೊಡುವ ಸ್ಟೀಲಿನ ಗ್ಲಾಸುಗಳು. ಲೋಟವನ್ನು ಅಲುಗಿಸಿ, ಸುತ್ತಿಸಿ, ಮೂಗು ಒಳಗಿಟ್ಟು ಮೂಸಿ ಎಂದು ಅಳಿಯ ತೋರಿಸಿಕೊಟ್ಟ. ಗೌಡ ಸುತ್ತಿಸಿದ ರಭಸಕ್ಕೆ ಧೋತರದ ಮೇಲೆ ನೇರಳೆ ಬಣ್ಣದ ಕಲೆ ಬಿತ್ತು. ನಾನು ಮೂಸಿದೆ, ಹುಣಸೆಹಣ್ಣು ಹಾಕಿ ತಿಕ್ಕಿದ ಸ್ಟೀಲಿನ ವಾಸನೆ ಬಂತು, ಅದರಡಿಯಲ್ಲಿ ಎಲ್ಲೋ ದ್ರಾಕ್ಷಿ. "ಇದರಾಗ ಬಣ್ಣಾನ ಕಾಣಂಗಿಲ್ಲಲೇ. ಕೆಂಪು ಐತೋ ಕರ್ರಗೈತೋ ಹೆಂಗ ಗೊತ್ತಾಗಬೇಕು?" ಎಂದು ಮಾಸ್ತರ ತಕರಾರು ತೆಗೆದ. ನನಗೆ ಅದೇ ಬೇಕಿತ್ತು. ಬಣ್ಣ ಕಾಣದಿರಲೆಂದೇ ದೊಡ್ಡ ದೊಡ್ಡ ಪರಿಣತರು ಕರಿ ಗಾಜಿನ ಲೋಟ ಬಳಸುತ್ತಾರೆ, ಗೌಡನ ಸ್ಟೀಲಿನ ಗ್ಲಾಸು ಅದಕ್ಕಿಂತ ಒಂದು ಕೈ ಮೇಲು ಎಂದೆ. ಹಾಗೆಯೇ ಬೋರ್ಡೋ ಕಥೆಯನ್ನೂ ಬಿಚ್ಚಿದೆ. ಫ್ರಾನ್ಸಿನ ಬೋರ್ಡೋದಲ್ಲಿ ಫ್ರೆಡರಿಕ್ ಬ್ರೊಶೆ ಎಂಬಾತ ವೈನು ಕಲಿಯುವ 54 ವಿದ್ಯಾರ್ಥಿಗಳ ಮುಂದೆ ಬಿಳಿ ವೈನಿಗೆ ವಾಸನೆಯಿಲ್ಲದ ಕೆಂಪು ಬಣ್ಣ ಬೆರೆಸಿ ಇಟ್ಟ. ಅವರು ಕೆಂಪು ವೈನಿಗೆ ಹೇಳುವ ಗುಣಗಳನ್ನೆಲ್ಲ ಅದಕ್ಕೆ ಹೇಳಿದರು. ಕಣ್ಣು ಕಂಡದ್ದನ್ನೇ ನಾಲಿಗೆ ಒಪ್ಪಿಕೊಂಡಿತು. 2001ರಲ್ಲಿ ಅವನು ಅದನ್ನು ಪ್ರಕಟಿಸಿದಾಗ ವೈನಿನ ಲೋಕದಲ್ಲಿ ದೊಡ್ಡ ಗುಲ್ಲಾಯಿತು.

"ಇದನ್ನ ಹೇಳಾಕ ಬೋರ್ಡೋಕ್ಕ ಯಾಕ ಹೋಗಬೇಕು, ಬ್ಯಾಡಗಿ ಇಲ್ಲೇನ?" ಎಂದ ಸಾವಕಾರ. ಸರಿಯಾದ ಮಾತು. ಬ್ಯಾಡಗಿ ಮೆಣಸಿನಕಾಯಿಯ ಹೆಚ್ಚುಗಾರಿಕೆಯೇ ಬಣ್ಣ, ಖಾರ ಕಡಿಮೆ. ತುಟಿಗೆ, ಉಗುರಿಗೆ ಹಚ್ಚುವ ಬಣ್ಣಕ್ಕೂ ಅದರ ಕೆಂಪು ಹೋಗುತ್ತದೆ. ನಮ್ಮ ಮನೆಗೆ ಮೈಸೂರಿನ ಕಡೆಯ ಬೀಗರು ಮೊದಲ ಸಲ ಊಟಕ್ಕೆ ಬಂದಾಗ ಬದನೆಕಾಯಿ ಎಣಗಾಯಿ ಬಡಿಸಿದ್ದೆವು. ತಟ್ಟೆಯಲ್ಲಿ ಹರಡಿದ ಆ ಕೆಂಪು ಎಣ್ಣೆಯನ್ನು ಕಂಡೇ ಬೀಗರ ಹಣೆಯಲ್ಲಿ ಬೆವರೊಡೆಯಿತು. ರೊಟ್ಟಿ ಇನ್ನೂ ಮುರಿದಿರಲಿಲ್ಲ. ತುತ್ತು ಬಾಯಿಗಿಟ್ಟವರೇ "ಹಾ" ಎಂದು ನೀರಿಗೆ ಕೈ ಹಾಕಿದರು. ಅಂದು ಮನೆಯಾಕೆ ಬೀಗರು ಬರುತ್ತಾರೆಂದು ಹಾಕುವುದರಲ್ಲಿ ಅರ್ಧವನ್ನೂ ಹಾಕಿರಲಿಲ್ಲ. ನಮ್ಮ ಪಾಲಿಗೆ ಸಪ್ಪೆ ಊಟ. ಬೀಗರು ಇವತ್ತಿಗೂ ಎಲ್ಲ ಮದುವೆಗಳಲ್ಲೂ ಹಾವೇರಿ ಜಿಲ್ಲೆಯ ಖಾರದ ಸುದ್ದಿ ಹೇಳುತ್ತಾರೆ.

ಅಂಕ ಎಷ್ಟಕ್ಕೆ ಎಂಬ ವಾದ ಹುಟ್ಟಿತು. 20ಕ್ಕೆ ಎಂದು ನಾನು. ಪ್ಯಾರಿಸಿನಲ್ಲಿ ಹಾಗೆಯೇ ಕೊಟ್ಟದ್ದು. 100ಕ್ಕೆ, ಅದರಲ್ಲಿ 35 ಪಾಸು ಎಂದು ಮಾಸ್ತರ. ಅವನು ಎಸ್ಸೆಸ್ಸೆಲ್ಸಿ ಉತ್ತರಪತ್ರಿಕೆ ತಿದ್ದಿ ತಿದ್ದಿ ಬೆರಳು ಸವೆಸಿಕೊಂಡವನು. ಹೆಸರು, ನಂಬರು ಮುಚ್ಚಿ ತಿದ್ದುವುದು ತನಗೆ ಹೊಸದೇನಲ್ಲ ಎಂದ. ಮುಚ್ಚಿದರೂ ಮೊದಲ ಸಾಲಿನಲ್ಲೇ ಹುಡುಗಿಯೋ ಹುಡುಗನೋ, ಪೇಟೆಯದೋ ಹಳ್ಳಿಯದೋ ಎಂದು ಅಕ್ಷರವೇ ಹೇಳುತ್ತದಂತೆ. ಮೂರನೆಯ ಪುಟಕ್ಕೆ ಬರುವಷ್ಟರಲ್ಲಿ ಅಪ್ಪನ ಉದ್ಯೋಗವೂ ತಿಳಿಯುತ್ತದಂತೆ. "ಹಳ್ಳಿ ಹುಡುಗೀಗೆ ಎರಡು ಮಾರ್ಕ್ಸ್ ಹೆಚ್ಚಿಗಿ ಬಿದ್ದಿರಬೇಕು ನನ್ನ ಕೈಲೆ. ಬೀಳ್ಲಿ," ಎಂದ.

ಪ್ಯಾರಿಸಿನ ಕಥೆ ಅಲ್ಲಿಯವರೆಗೆ ನಾನು ಕಾಯ್ದಿಟ್ಟುಕೊಂಡಿದ್ದು. 1976ರ ಮೇ 24ರಂದು ಅಲ್ಲಿ ಸ್ಟೀವನ್ ಸ್ಪರಿಯರ್ ಎಂಬ ಇಂಗ್ಲಿಷ್ ವೈನು ವ್ಯಾಪಾರಿ ಫ್ರಾನ್ಸಿನ ಹೆಸರಾಂತ ತಜ್ಞರನ್ನು ಕೂರಿಸಿ, ಫ್ರಾನ್ಸಿನ ವೈನುಗಳ ಜೊತೆ ಕ್ಯಾಲಿಫೋರ್ನಿಯಾದವನ್ನು ಹೆಸರು ಮರೆಸಿ ಕೊಟ್ಟ. ಆಗ ಕ್ಯಾಲಿಫೋರ್ನಿಯಾದ ವೈನೆಂದರೆ ಅವರಿಗೆಲ್ಲ ತಾತ್ಸಾರ. ಬಿಳಿಯದರಲ್ಲೂ ಕೆಂಪಿನಲ್ಲೂ ಕ್ಯಾಲಿಫೋರ್ನಿಯಾದ್ದೇ ಮೊದಲು ಬಂತು. ಕೆಂಪಿನಲ್ಲಿ ಗೆದ್ದದ್ದು ಸ್ಟ್ಯಾಗ್ಸ್ ಲೀಪ್ ಎಂಬ ಕಡೆಯ 1973ರ ಬಾಟಲಿ. ಫಲಿತಾಂಶ ಕೇಳಿ ಓಡೆಟ್ ಕಾನ್ ಎಂಬ ತಜ್ಞೆ ತಾನು ಅಂಕ ಹಾಕಿದ ಹಾಳೆಯನ್ನು ವಾಪಸು ಕೊಡಿ ಎಂದು ಪಟ್ಟು ಹಿಡಿದರು. ನಾನು ಇದನ್ನು ನಗಲೆಂದು ಹೇಳಿದರೆ ಸಾವಕಾರ ನಗಲಿಲ್ಲ. "ಆ ಬಾಯಿಯೋರು ಕೇಳಿದ್ದು ಬರೋಬ್ಬರಿ ಐತಿ. ಹೆಸರ ಮುಚ್ಚಿ ಮಾಲು ತೋರಿಸೂದಂದ್ರ ಅದು ವ್ಯಾಪಾರಲ್ಲ, ಮೋಸ," ಎಂದ. ಮೂವತ್ತು ವರ್ಷದ ನಂತರ, 2006ರಲ್ಲಿ, ಅವೇ ಹಳೆಯ ಕೆಂಪು ವೈನುಗಳನ್ನಿಟ್ಟು ಮತ್ತೆ ನೋಡಿದರು, ಆಗಲೂ ಕ್ಯಾಲಿಫೋರ್ನಿಯಾದ್ದೇ ಗೆದ್ದಿತು ಎಂದೆ. "ಹಂಗಾರ ಮೋಸ ಎರಡ ಸಲ ಆತು," ಎಂದ.

ಅಷ್ಟರಲ್ಲಿ ಮಾಸ್ತರನಿಗೆ ಕನಕದಾಸರು ನೆನಪಾದರು. ಕನಕರು ಹುಟ್ಟಿದ ಬಾಡ ಅವನ ತಾಲೂಕಿನದು, ಆದ್ದರಿಂದ ಯಾವ ಮಾತಿನಲ್ಲೂ ಅವನಿಗೆ ಅವರು ನೆನಪಾಗುವ ಹಕ್ಕುಂಟು. ರಾಮಧಾನ್ಯ ಚರಿತ್ರೆ ಎಂದರೆ ಇನ್ನೇನು, ಇದೇ ತಾನೇ ಎಂದ. ಲಂಕೆಯಿಂದ ಮರಳುವ ರಾಮನಿಗೆ ಆಶ್ರಮದಲ್ಲಿ ಬಗೆಬಗೆಯ ಧಾನ್ಯಗಳ ಅಡಿಗೆ ಬಡಿಸುತ್ತಾರೆ, ಯಾವುದು ಮೇಲು ಎಂಬ ಮಾತು ಏಳುತ್ತದೆ, ಭತ್ತಕ್ಕೂ ರಾಗಿಗೂ ತುಂಬಿದ ಸಭೆಯಲ್ಲಿ ಜಗಳ. ಭತ್ತ ತನ್ನ ಕುಲ, ತನ್ನ ಪೂಜೆ, ತನ್ನ ಮಂತ್ರಾಕ್ಷತೆ ಎಲ್ಲ ಹೇಳಿಕೊಳ್ಳುತ್ತದೆ. ರಾಮ ಎರಡನ್ನೂ ಆರು ತಿಂಗಳು ಸೆರೆಯಲ್ಲಿಡಿಸುತ್ತಾನೆ. ಹೊರಗೆ ತೆಗೆದಾಗ ಭತ್ತ ಸೊರಗಿತ್ತು, ರಾಗಿ ಹಾಗೇ ಇತ್ತು. ಅಳಿಯ ಇದನ್ನು ಕೇಳಿಯೇ ಇರಲಿಲ್ಲ. ಅವನು ಓದಿದ್ದೆಲ್ಲ ಇಂಗ್ಲಿಷ್ ಶಾಲೆಯಲ್ಲಿ. "ಮಾವಾರ, ವೈನನ್ನೂ ಹಿಂಗ ನೆಲಮಾಳಿಗ್ಯಾಗ ಇಟ್ಟ ನೋಡತಾರ್ರಿ. ಯಾವುದು ತಡೀತದ, ಯಾವುದು ಕೆಡತದ ಅಂತ," ಎಂದ ಬೆರಗಿನಿಂದ. ಮಾವನ ಮುಖ ಅರಳಿತು. ಮದುವೆಯಾಗಿ ಇಷ್ಟು ವರ್ಷಕ್ಕೆ ಅವರಿಬ್ಬರೂ ಒಂದು ವಿಷಯ ಹಿಡಿದು ಮಾತಾಡಿದ್ದು ಆಗಲೇ ಇರಬೇಕು. ನಾಲ್ಕೂ ತಾಲೂಕಿನಲ್ಲಿ ಭತ್ತ ಬೆಳೆಯುವವನು ಗೌಡನೊಬ್ಬನೇ ಎಂಬ ಹಾಗೆ ಅವನಿಗೆ ಮಾತ್ರ ಕೋಪ ಬಂತು. "ಆರ ತಿಂಗಳಿಟ್ಟ ಅಕ್ಕೀನ ಅನ್ನಕ್ಕ ಛಲೋ. ಕನಕದಾಸರಿಗೆ ಯಾರೋ ಹೊಸ ಅಕ್ಕಿ ಉಣಿಸಿರಬೇಕು," ಎಂದುಬಿಟ್ಟ.

ಸರಿ, ಕುಡಿದೆವು. ಕರಿ ಕಾಲುಚೀಲದ್ದು, ಬೂದಿಯದ್ದು, ನೀಲಿ ಪಟ್ಟಿಯದ್ದು, ತೂತಿನ ಕಂದು. ನಡುನಡುವೆ ಬಾಯಿ ಚೊಕ್ಕ ಮಾಡಿಕೊಳ್ಳಲು ಬ್ರೆಡ್ಡು ಎಂದು ಡೈರಿಯಲ್ಲಿತ್ತು. ಗೌಡ ಒಗ್ಗರಣೆಯಿಲ್ಲದ ಚುರಮರಿ ಇಟ್ಟಿದ್ದ. ಸಾವಕಾರ ತಂದಿದ್ದ ಸವಣೂರು ಖಾರದ ಪೊಟ್ಟಣವನ್ನು ನಾನು ಮುಟ್ಟಗೊಡಲಿಲ್ಲ. ನಾಲ್ಕನೆಯ ಗ್ಲಾಸಿನ ಹೊತ್ತಿಗೆ ಅದು ತಾನಾಗಿ ಬರಿದಾಗಿತ್ತು.

ಮೊದಲನೆಯ ಗುಟುಕಿಗೆ ಗೌಡ, "ಹುಳಿ," ಎಂದ. ಎರಡನೆಯದಕ್ಕೂ ಹುಳಿ. ಹುಳಿಯಲ್ಲೇ ಏನಾದರೂ ತರತಮ ಹೇಳೆಂದು ಅಳಿಯ ಬೇಡಿಕೊಂಡ. ಸಾವಕಾರ ತನ್ನೂರಿನ ದೊಡ್ಡಹುಣಸೆ ಮಠದ ಮರಗಳನ್ನು ಎತ್ತಿದ. ಅವು ಆಫ್ರಿಕಾದ ಬಾಬಾಬ್, ಯಾರು ತಂದು ಹಚ್ಚಿದರೆಂದು ಬಗೆಬಗೆಯ ಕಥೆ. ಅಂಥ ಮರವನ್ನೇ ಕಂಡಿರದ ಜನ, ಹೆಸರು ಕುಲ ಗೊತ್ತಿಲ್ಲದ ಕಾಯಿ ಒಡೆದು, ಒಳಗಿನ ಬಿಳಿ ಹಿಟ್ಟನ್ನು ನಾಲಿಗೆಗಿಟ್ಟು, ಇದು ಹುಣಸೆಯೇ, ದೊಡ್ಡದು ಎಂದು ತೀರ್ಪು ಕೊಟ್ಟರು. "ನಮ್ಮ ಊರಾಗ ಕಣ್ಣ ಕಟಗೊಂಡ ರುಚಿ ನೋಡೂದು ಅವತ್ತೇ ಆಗೇತಿ," ಎಂದ. ಬಾಬಾಬಿನ ಸುತ್ತಳತೆ ಹಿಡಿಯಲು ನಾವು ನಾಲ್ವರು ಕೈ ಕೈ ಹಿಡಿದು ನಿಂತು ಸಾಲದೆ ಹೋದದ್ದು ನೆನಪಾಯಿತು. ಆಗ ನಮ್ಮ ತೋಳೂ ಉದ್ದವಿದ್ದವು.

ಒಗರಿನ ವಿಷಯದಲ್ಲಿ ಮಾತ್ರ ಸಾವಕಾರನೇ ಸಾವಕಾರ. ಕೆಂಪು ವೈನು ಕುಡಿದ ಮೇಲೆ ವಸಡು ಬಿಗಿಯುತ್ತದೆ, ನಾಲಿಗೆಯ ಮೇಲೆ ನೀರು ಆರಿದ ಹಾಗಾಗುತ್ತದೆ. ದ್ರಾಕ್ಷಿಯ ಸಿಪ್ಪೆ ಬೀಜಗಳ ಟ್ಯಾನಿನ್ನು ಕಾರಣ. ಅಡಿಕೆಯಲ್ಲಿರುವುದೂ ಅದೇ. ಅವನು ಒಂದೊಂದು ಗುಟುಕನ್ನೂ ದವಡೆಯ ಮೂಲೆಗೆ ಒತ್ತಿ, ಕಣ್ಣು ಮುಚ್ಚಿ, "ಇದು ಹಸಿ ಅಡಕಿ ಒಗರು. ಇದು ಬೇಯಿಸಿದ್ದು. ಇದರಾಗ ಒಗರು ಹಿಂದಿಂದ ಬರತೈತಿ, ತಡೀ," ಎನ್ನುತ್ತ ಹೋದ. ಸುಣ್ಣ ತಂಬಾಕು ತಿಂದು ಸತ್ತುಹೋಗಿದೆಯೆಂದು ನಾವು ಬರೆದುಕೊಟ್ಟಿದ್ದ ನಾಲಿಗೆ ಅದು. ಎಲೆಯನ್ನು ಅವನು ಕತ್ತಲಲ್ಲೂ ಗುರುತಿಸುವುದನ್ನು ನೋಡಿದ್ದೇನೆ. ಮೊದಲು ಹೆಬ್ಬೆರಳಿನಿಂದ ಬೆನ್ನಿನ ನರ ಸವರುತ್ತಾನೆ, ಆಮೇಲೆ ತುದಿ ಮುರಿದು ಕಿವಿಯ ಹತ್ತಿರ ಹಿಡಿದು ಆ ಟಿಕ್ ಎನ್ನುವ ಸದ್ದು ಕೇಳುತ್ತಾನೆ, ಕಟ್ಟಕಡೆಗೆ ಬಾಯಿಗೆ. ಯಾರ ತೋಟದ್ದು, ಎಂದು ಕೊಯ್ದದ್ದು, ನೀರು ಹೆಚ್ಚಾಗಿತ್ತೋ ಕಡಿಮೆಯೋ ಹೇಳುತ್ತಾನೆ. ಸರಿಯೋ ತಪ್ಪೋ ಎಂದು ಕೇಳುವ ಧೈರ್ಯ ಎದುರಿಗಿದ್ದವನಿಗೆ ಇರುವುದಿಲ್ಲ.

ನೀಲಿ ಪಟ್ಟಿಯ ಕಾಲುಚೀಲದ ವೈನು ನನ್ನ ಗ್ಲಾಸಿಗೆ ಬಂದಾಗ ನಾನು ಡೈರಿ ಮುಚ್ಚಿಟ್ಟೆ. ಒಳಗಿಳಿಯುವ ಮುಂಚೆಯೇ ಗುರುತು ಹತ್ತಿತು: ದ್ರಾಕ್ಷಾಸವ! ಸಣ್ಣವನಿದ್ದಾಗ ನಾನು ಕಡ್ಡಿ. ಮಾಸೂರಿನ ಪಂಡಿತರೊಬ್ಬರು ಹೇಳಿದರೆಂದು ಅವ್ವ ರಾತ್ರಿ ಊಟವಾದ ಮೇಲೆ ಎರಡು ಚಮಚೆ ದ್ರಾಕ್ಷಾಸವಕ್ಕೆ ಎರಡು ಚಮಚೆ ನೀರು ಬೆರೆಸಿ ಕುಡಿಸುತ್ತಿದ್ದಳು. ಗೂಡಿನಲ್ಲಿ ದೇವರ ಪಟದ ಪಕ್ಕದಲ್ಲೇ ಆ ಕಂದು ಸೀಸೆ. ಗಂಟಲು ಬಿಸಿಯಾಗಿ, ಕಿವಿ ಬೆಚ್ಚಗಾಗಿ ಒಳ್ಳೆಯ ನಿದ್ದೆ. ಮದ್ಯ ಮುಟ್ಟಿದವನ ಮನೆಯ ನೀರೂ ಕುಡಿಯದ ಅವ್ವ. ಸೀಸೆಯ ಮೇಲಿನ ಚೀಟಿಯಲ್ಲಿ ಸಣ್ಣ ಅಕ್ಷರದಲ್ಲಿ, ಹುದುಗುವಾಗ ತಾನಾಗಿ ಹುಟ್ಟುವ ಮದ್ಯಸಾರ ಇಷ್ಟು ಎಂದು ಬರೆದಿರುತ್ತದೆಂಬುದು ನನಗೆ ತಿಳಿದದ್ದು ಬ್ಯಾಂಕಿನ ಕೆಲಸಕ್ಕೆ ಸೇರಿದ ಮೇಲೆ. ಅವ್ವನಿಗೆ ಹೇಳಲಿಲ್ಲ. ಆ ಗ್ಲಾಸಿಗೆ 20ಕ್ಕೆ 20 ಕೊಟ್ಟೆ. "ಏನ್ ಸರ್ವಜ್ಞ, ಬಾಯಿ ಬಂದ ಆತಲ್ಲೋ," ಎಂದು ಮೂವರೂ ಛೇಡಿಸಿದರು.

ಮುಸುಕು ತೆಗೆಯುವ ಮುಂಚೆ ಸಾವಕಾರ ಕೈ ಎತ್ತಿದ. "ಅಳಿಯಂದ್ರ, ಕರೇದೂ ಬೂದೀದೂ ಒಂದ. ಒಂದ ಬಳ್ಳಿ, ಒಂದ ಕೊಯ್ಲು." ಅಳಿಯನ ಬಾಯಿ ತೆರೆದೇ ಉಳಿಯಿತು. ನಿಜವಾಗಿಯೂ ಅವನು ಒಂದೇ ವೈನಿನ ಎರಡು ಬಾಟಲಿ ಇಟ್ಟಿದ್ದ, ನಂದಿಬೆಟ್ಟದ ತಪ್ಪಲಿನ ಕ್ಯಾಬರ್ನೆ. ನಮ್ಮನ್ನು ಪರೀಕ್ಷಿಸಲು ಮಾಡಿದ ಕಿತಾಪತಿ. ಮಾಸ್ತರ ಅವುಗಳಲ್ಲಿ ಒಂದನ್ನು ಪಾಸು ಮಾಡಿ ಇನ್ನೊಂದನ್ನು ನಪಾಸು ಮಾಡಿದ್ದ. ಕ್ಯಾಲಿಫೋರ್ನಿಯಾದ ದೊಡ್ಡ ಮೇಳವೊಂದರಲ್ಲಿ ರಾಬರ್ಟ್ ಹಾಡ್ಜ್‌ಸನ್ ಎಂಬ ಪ್ರಾಧ್ಯಾಪಕ ಇದನ್ನೇ ವರ್ಷಾನುಗಟ್ಟಲೆ ಮಾಡಿದ, ಒಂದೇ ಬಾಟಲಿಯದನ್ನು ಮೂರು ಸಲ ಕೊಟ್ಟರೆ ಹತ್ತು ತೀರ್ಪುಗಾರರಲ್ಲಿ ಒಬ್ಬರೋ ಏನೋ ಮೂರೂ ಸಲ ಹತ್ತಿರದ ಅಂಕ ಕೊಡುತ್ತಿದ್ದರು ಎಂದು ನಾನು ಮಾಸ್ತರನಿಗೆ ಸಮಾಧಾನ ಹೇಳಿದೆ. ಸಾವಕಾರ ಆ ಹತ್ತರಲ್ಲಿ ಒಬ್ಬ! ಎಲ್ಲರೂ ಬೆನ್ನು ತಟ್ಟಿದೆವು. ಹುರುಪೇರಿದ ಸಾವಕಾರ, ಇನ್ನೆರಡನ್ನೂ ಮತ್ತೊಮ್ಮೆ ದವಡೆಗೆ ಒತ್ತಿ, "ಖರೇ ಹೇಳಬೇಕಂದ್ರ ನಾಲ್ಕೂ ಒಂದ," ಎಂದ. ಅವು ವಿಜಯಪುರದ ಕಡೆಯದೂ ನಾಸಿಕದ ಶಿರಾಝೂ ಆಗಿದ್ದವು. ಶಿರಾಝ್ ಎಂದದ್ದಕ್ಕೆ ಗೌಡ ಊಟದ ಕೊನೆಗೆ ರವೆಯ ಶಿರಾ ಮಾಡಿಸಿದ್ದೇನೆ, ಅದಕ್ಕೂ ನಂಬರು ಹಾಕಿ ಎಂದ. ಎಲ್ಲರೂ ಅದಕ್ಕೇ ಹೆಚ್ಚು ಹಾಕಿದೆವು.

ನನ್ನ ದ್ರಾಕ್ಷಾಸವ ವಿಜಯಪುರದ್ದು. ಎಲ್ಲಕ್ಕಿಂತ ಅಗ್ಗದ್ದಂತೆ. ಅಗ್ಗವೆಂದು ಗೊತ್ತಾದ ಮೇಲೆ ಅದರ ರುಚಿ ನನಗೇನೂ ಇಳಿಯಲಿಲ್ಲ, ಆದರೆ ಹೆಸರಿಲ್ಲದೆ ಕುಡಿದ ಈ ಇಡೀ ಆಟ ನನಗೆ ಅಷ್ಟಕ್ಕಷ್ಟೇ ಎನಿಸಿತು. ನ್ಯಾಯವಾದದ್ದು, ಹೌದು. ತೀರ್ಪುಗಾರರಿಗೆ, ವ್ಯಾಪಾರಿಗಳಿಗೆ ಇದು ಬೇಕು. ಉಣ್ಣುವವನಿಗೆ ಬೇಕೇ? ಗೌಡನ ತೋಟದ ಆಪೂಸುಗಳೆಲ್ಲ ಕಸಿ ಕಟ್ಟಿದವು, ಒಂದೇ ಜಾತಿ. ಆದರೂ ಒಂದೊಂದಕ್ಕೂ ಒಂದು ಹೆಸರು. ಬಾವಿದಂಡೆಯ ಗಿಡ. ಅತ್ತೆಯ ಗಿಡ, ಅದನ್ನು ನೆಟ್ಟವಳು ಗೌಡನ ಸೋದರತ್ತೆ. ಫೌಜದಾರನ ಗಿಡ, ಒಂದಾನೊಂದು ಕಾಲದ ಫೌಜದಾರ ಅದರ ಹಣ್ಣೇ ಬೇಕೆಂದು ಹಟ ಹಿಡಿಯುತ್ತಿದ್ದನಂತೆ. ಹೋಳು ಕೈಗಿಡುವಾಗ ಗೌಡ, "ಇದು ಅತ್ತಿ ಗಿಡದ್ದು ನೋಡ," ಎನ್ನುತ್ತಾನೆ. ಕಚ್ಚೆಯುಟ್ಟು ಬಾವಿಯಿಂದ ನೀರು ಹೊತ್ತು ಆ ಗಿಡ ಬೆಳೆಸಿದ ಮುದುಕಿಯನ್ನು ನಾನೂ ಕಂಡಿದ್ದೆ. ಅವಳನ್ನು ಬದಿಗಿಟ್ಟು ಆ ಹಣ್ಣು ತಿನ್ನಲು ನನಗೆ ಬರುವುದಿಲ್ಲ, ಕಲಿಯುವ ಆಸೆಯೂ ಇಲ್ಲ. ತಿರುಳು ತೆಗೆಯುವ ಕಾರ್ಖಾನೆಗೆ ಲಾರಿಯಲ್ಲಿ ಹೋಗುವ ಹಣ್ಣಿಗೆ ಅತ್ತೆಯೂ ಇಲ್ಲ, ಫೌಜದಾರನೂ ಇಲ್ಲ. ಡಬ್ಬಿ ತೆರೆದು ತಿನ್ನುವ ದೂರದೂರಿನವರು ನಮಗಿಂತ ಪ್ರಾಮಾಣಿಕವಾಗಿ ಅಂಕ ಕೊಟ್ಟಾರು.

ಇದನ್ನು ನಾನು ಗಟ್ಟಿಯಾಗಿ ಹೇಳಿದ್ದು ಕೆಲಸ ಕೆಡಿಸಿತು. ಹೆಸರು ಹೇಳದೆಯೇ ತಾನು ಯಾವ ಗಿಡದ ಹಣ್ಣೆಂದು ಹೇಳಬಲ್ಲೆ ಎಂದು ಗೌಡ ತೊಡೆ ತಟ್ಟಿದ. ಹೇಳಲಾರೆ ಎಂದು ಸಾವಕಾರ ಪಂಥ ಕಟ್ಟಿದ. ಬಸವ ಜಯಂತಿಯ ಹೊತ್ತಿಗೆ ಹಣ್ಣು ಬಂದಾಗ ಮತ್ತೆ ಕೂಡುವುದೆಂದು ನಿಶ್ಚಯವಾಗಿ, ಅಂದಿನಿಂದ ನಿಯಮಗಳ ಮೇಲೆ ಫೋನಿನಲ್ಲಿ ವ್ಯಾಜ್ಯ ನಡೆದಿದೆ. ತೊಟ್ಟಿನ ಕಡೆ ಮೂಸಬಹುದೇ? ಕೂಡದು ಎಂದು ಸಾವಕಾರ. ತೊಟ್ಟು ಮೂಸದವನು ಮಾವು ತಿಂದವನೇ ಅಲ್ಲವೆಂದು ಗೌಡ. ಸಿಪ್ಪೆಯ ಸಮೇತವೋ, ಬರೀ ತಿರುಳೋ? ಗೊರಟ ಚೀಪಿದರೆ ಎಷ್ಟು ಅಂಕ? ಮಾಸ್ತರ ಪ್ರಶ್ನೆಪತ್ರಿಕೆಯ ನಮೂನೆಯನ್ನೇ ಬರೆದು ಕಳಿಸಿದ್ದಾನೆ, ಅದರಲ್ಲಿ ಬಿಟ್ಟ ಸ್ಥಳ ತುಂಬುವುದೂ ಇದೆ.

ಹಣ್ಣು ಹೋಳು ಮಾಡಿ, ತಟ್ಟೆಗೆ ನಂಬರು ಹಚ್ಚಿ, ಬಾಯಿ ಮುಚ್ಚಿಕೊಂಡಿರುವವರು ಒಬ್ಬರು ಬೇಕಲ್ಲ. ಅಳಿಯನಿಗೆ ರಜೆ ಇಲ್ಲವಂತೆ. ವೈನಿನ ಸುದ್ದಿ ನಾನು ಬಸ್ಸಿಳಿಯುವ ಮುಂಚೆಯೇ ಗೌಡನ ಮನೆಯಿಂದ ನಮ್ಮ ಮನೆಗೆ ಫೋನಿನಲ್ಲಿ ತಲುಪಿತ್ತು. ಹೀಗಾಗಿ ಮುಚ್ಚಿಡುವುದೇನೂ ಉಳಿಯದೆ ಮನೆಯಾಕೆಯನ್ನೇ ಕೇಳಿದೆ. ಅವಳು ಒಪ್ಪಿದ್ದಾಳೆ, ಒಂದು ಷರತ್ತಿನ ಮೇಲೆ. ಗೌಡನ ತೋಟದ ಹಣ್ಣುಗಳ ನಡುವೆ ಹುಬ್ಬಳ್ಳಿ ಸಂತೆಯಿಂದ ತಂದ ಒಂದು ಹಣ್ಣನ್ನೂ ಕೊಯ್ದು ಇಡುತ್ತಾಳಂತೆ, ಯಾವ ತಟ್ಟೆಯಲ್ಲಿ ಎಂದು ನನಗೂ ಹೇಳುವುದಿಲ್ಲವಂತೆ. ಗೌಡನಿಗೆ ಈ ಸುದ್ದಿ ಮುಟ್ಟಿಸಬೇಕೋ ಬೇಡವೋ ಎಂದು ಮಾಸ್ತರನನ್ನು ಕೇಳಿದರೆ, "ಸಿಲೆಬಸ್ ಬಿಟ್ಟ ಒಂದ ಪ್ರಶ್ನೆ ಇರಬೇಕಪಾ," ಎಂದು ಫೋನ್ ಇಟ್ಟ.